ತಂತಿ ಮೀಟಿ ಆಲಿಸುವಷ್ಟು ಹೊತ್ತು

ವಸ್ಫಿ ಸಬ್ಬಾಗ್ ಬುಧವಾರ ಬೆಳಿಗ್ಗೆ ತೀರಿಕೊಂಡ. ಎಪ್ಪತ್ತೊಂದು ವರ್ಷವಾಗಿತ್ತು. ಬೆಳಗಿನ ನಮಾಜಿಗೆ ಏಳಲಿಲ್ಲವಲ್ಲ ಎಂದು ತಂಗಿ ಬಹೀಜಾ ಚಹಾ ಹಿಡಿದು ಹೋಗಿ ನೋಡಿದಾಗ ಮೈ ತಣ್ಣಗಾಗಿತ್ತು. ಮಧ್ಯಾಹ್ನದ ನಮಾಜಾದ ಮೇಲೆ ಮಣ್ಣು ಮಾಡಿದರು. ಸಂಜೆಯೊಳಗೆ ಕಪ್ಪು ಅಂಚಿನ ಸಾವಿನ ಕಾಗದ ಓಣಿಯ ಗೋಡೆಗಳ ಮೇಲೆ ಅಂಟಿತು. ಅದರಲ್ಲಿ ಅವನ ಹೆಸರಿನ ಕೆಳಗೆ 'ಖಾನೂನ್ ವಾದಕ' ಎಂದಿರಲಿಲ್ಲ, 'ಖಾನೂನ್ ಮಾಡುವವನು' ಎಂದಷ್ಟೇ ಇತ್ತು. ಹಾಗೇ ಬರೆಸಬೇಕೆಂದು ಅವನು ವರ್ಷಗಳ ಹಿಂದೆಯೇ ಹೇಳಿಟ್ಟಿದ್ದನಂತೆ. ಅವನ ನುಡಿಸಾಣಿಕೆಯ ಕ್ಯಾಸೆಟ್ ಇಲ್ಲದ ಟ್ಯಾಕ್ಸಿ ಅಲೆಪ್ಪೊದಲ್ಲಿ ಒಂದು ಕಾಲಕ್ಕೆ ಸಿಗುತ್ತಿರಲಿಲ್ಲ. ಅದನ್ನು ಬಲ್ಲವರಿಗೆ ಈ ಕಾಗದ ವಿಚಿತ್ರವಾಗಿ ಕಂಡಿತು.

ಅವನ ಅಂಗಡಿ ಅಪ್ಪನ ಕಾಲದ್ದು. ಇಬ್ಬರು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಅಗಲ. ಮೇಲೆ ಮನೆ, ಕೆಳಗೆ ಅಂಗಡಿ. ಒಳಗೆ ಅಕ್ರೋಟ್ ಮರದ ಹೊಟ್ಟು, ಅಂಟು ಕಾಯಿಸಿದ ವಾಸನೆ, ಚೌಕಟ್ಟಿಗೆ ಎಳೆದು ಕಟ್ಟಿ ಒಣಗಲು ಬಿಟ್ಟ ಮೀನಿನ ಚರ್ಮ. ಖಾನೂನ್ ಒಂದು ತಂತಿವಾದ್ಯ. ಅದನ್ನು ಮಡಿಲ ಮೇಲಿಟ್ಟು, ಎರಡು ತೋರುಬೆರಳಿಗೂ ಉಂಗುರ ತೊಟ್ಟು ಮೀಟುತ್ತಾರೆ. ಎಪ್ಪತ್ತೆಂಟು ತಂತಿ. ಮೂರು ಮೂರು ತಂತಿಗೆ ಒಂದೊಂದು ಸ್ವರ. ಆ ಮೂರೂ ಒಂದೇ ಗಂಟಲಿನಿಂದ ಬಂದಂತೆ ಕೇಳಬೇಕು. ತಂತಿಗಳನ್ನು ಹೊರುವ ಕುದುರೆಯ ಕಾಲುಗಳು ನಿಲ್ಲುವುದು ಮೀನಿನ ಚರ್ಮದ ಮೇಲೆ. ಹವೆ ತೇವವಾದರೆ ಚರ್ಮ ಜಗ್ಗುತ್ತದೆ, ಕೂಡಿಸಿದ ಶ್ರುತಿಯೆಲ್ಲ ಇಳಿಯುತ್ತದೆ, ಮತ್ತೆ ಮೊದಲಿನಿಂದ ಶುರು. ವಸ್ಫಿಗೆ ಆ ಕೆಲಸದಲ್ಲಿ ಬೇಸರವೇ ಇರಲಿಲ್ಲ. ತಂತಿ ಮೀಟುವನು, ಕತ್ತು ವಾಲಿಸಿ ಕಿವಿಯನ್ನು ಮರದ ಹತ್ತಿರ ತರುವನು, ಬಿರಡೆಗೆ ಕೀಲಿ ಹಾಕಿ ಕೂದಲೆಳೆಯಷ್ಟು ತಿರುಗಿಸುವನು, ಮತ್ತೆ ಮೀಟುವನು. ಗಂಟೆಗಟ್ಟಲೆ ಹೀಗೇ.

ಆ ಸದ್ದಿನ ಮರೆಯಲ್ಲಿ ಮಾತಾಡಬಹುದು ಎಂದು ಮೊದಲು ಯಾರಿಗೆ ಹೊಳೆಯಿತೋ ಗೊತ್ತಿಲ್ಲ. ಸರ್ಕಾರದ ಕಿವಿಗೆ ಬೀಳಬಾರದೆಂದು ನಮ್ಮಲ್ಲಿ ಮನೆಯೊಳಗಿನ ಮಾತಿಗೂ ರೇಡಿಯೋ ಹಾಕುತ್ತಾರೆ, ಇಲ್ಲವೇ ನಲ್ಲಿ ಬಿಡುತ್ತಾರೆ. ನೀರಿನ ದರ ಹೆಚ್ಚಿದ ಮೇಲೆ ಖಾನೂನೇ ಅಗ್ಗವಾಯಿತು ಎಂದು ಗೆಳೆಯ ರುಶ್ದಿ ನಗುತ್ತಿದ್ದ. ಯಾರಾದರೂ ಬಂದು ಮೂಲೆಯ ಸ್ಟೂಲಿನ ಮೇಲೆ ಕುಳಿತು "ವಸ್ಫಿ, ಸ್ವಲ್ಪ ಶ್ರುತಿ ಮಾಡಪ್ಪಾ" ಎಂದರೆ ಅವರಿಗೆ ಏನೋ ಹೇಳಿಕೊಳ್ಳುವುದಿದೆ ಎಂದರ್ಥ. ಒಬ್ಬನ ಮಗ ಸೈನ್ಯದಿಂದ ಓಡಿಬಂದಿರುತ್ತಿದ್ದ. ಇನ್ನೊಬ್ಬನಿಗೆ ಗಡಿಯಾಚೆಗೆ ಪತ್ರ ಕಳಿಸಬೇಕಾಗಿರುತ್ತಿತ್ತು. ವಸ್ಫಿ ಕೇಳಿಸಿಕೊಳ್ಳುತ್ತಿರಲಿಲ್ಲ. ಶ್ರುತಿ ಮಾಡುವಾಗ ಅವನ ಕಿವಿಗೆ ತಂತಿಯೊಂದು ಬಿಟ್ಟು ಬೇರೇನೂ ಬೀಳುತ್ತಿರಲಿಲ್ಲ. ಅದು ಅವನ ಹೆಮ್ಮೆಯಾಗಿತ್ತು.

ಗುರುವಾರದ ಮಧ್ಯಾಹ್ನ ರುಶ್ದಿಯದು. ವಸ್ಫಿಯ ಶಾಲೆಯ ಗೆಳೆಯ, ಆಗ ಭೂಗೋಳದ ಮೇಷ್ಟ್ರು. ಅವನ ಜೊತೆಗೆ ಔಷಧಿ ಅಂಗಡಿಯ ಶುಕ್ರಿ. ಮೂವರೂ ಸೇರಿದರೆ ಬಹೀಜಾ ಮೇಲಿನಿಂದ ಅಕ್ರೋಟ್ ಹಾಕಿ ಅರೆದ ಕೆಂಪು ಮೆಣಸಿನ ಮುಹಮ್ಮರ, ಬಿಸಿ ರೊಟ್ಟಿ ಕಳಿಸುವಳು.

"ನಿನ್ನ ತಂಗಿ ಕೈರುಚಿಗೆ ನಾನು ಮದುವೆ ಆಗಿಬಿಡ್ತಿದ್ದೆ ಕಣೋ, ನಬೀಹಾ ಮೊದಲೇ ಹಿಡಿದು ಹಾಕ್ಕೊಂಡ್ಲು" ಎಂದು ರುಶ್ದಿ ಮೆಟ್ಟಿಲ ಕಡೆಗೆ ಮುಖ ಮಾಡಿ ಕೂಗುವನು.

"ನಿಮ್ಮ ಮುಖಕ್ಕೆ ನಬೀಹಾನೇ ಹೆಚ್ಚು, ಮೇಷ್ಟ್ರೇ" ಎಂದು ಮೇಲಿನಿಂದ ಉತ್ತರ ಬರುವುದು.

ರುಶ್ದಿಗೆ ಮನಸ್ಸಿನಲ್ಲಿದ್ದದ್ದು ಮುಖದ ಮೇಲೆ ಬರುತ್ತಿತ್ತು. ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತಿತ್ತು. ಅಂಥವನು ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಒಂದು ಕೆಲಸಕ್ಕೆ ಕೈ ಹಾಕಿದ್ದ. ಊರಿನಲ್ಲಿ ಸರ್ಕಾರದವರು ಹಿಡಿದೊಯ್ದವರ ಹೆಸರು, ಓಣಿ, ಹೋದ ತಾರೀಖು ಬರೆದಿಡುತ್ತಿದ್ದ. ಯಾರನ್ನು ಹಿಡಿದೊಯ್ದರೂ 'ಚಿಕ್ಕಮ್ಮನ ಮನೆಗೆ ಹೋಗಿದ್ದಾನೆ' ಎನ್ನುವ ಊರು ನಮ್ಮದು. ಬಾಯಿಂದ ಬಾಯಿಗೆ ಹಾಗೆಂದು ಹಾಗೆಂದೇ ಮನುಷ್ಯರು ಅಳಿಸಿಹೋಗುತ್ತಿದ್ದರು. ರುಶ್ದಿಗೆ ಅದನ್ನು ಸಹಿಸಲಾಗಲಿಲ್ಲ. ಎಷ್ಟು ಹೆಸರಾಗಿದ್ದವೋ ವಸ್ಫಿಗೆ ತಿಳಿದಿರಲಿಲ್ಲ. ಹಾಳೆಗಳು ಎಲ್ಲಿವೆ ಎಂದೂ ತಿಳಿದಿರಲಿಲ್ಲ. ಅವನು ಕೇಳಿರಲಿಲ್ಲ.

ಆ ವರ್ಷದ ನವೆಂಬರಿನ ಕೊನೆಗೆ ಗುಪ್ತಪೊಲೀಸಿನ ಒಬ್ಬ ಕ್ಯಾಪ್ಟನ್ ಅಂಗಡಿಗೆ ಬಂದ. ಸಾದಾ ಉಡುಪು, ಒಳ್ಳೆಯ ಮಾತು. ಸ್ಟೂಲಿನ ಮೇಲೆ ಕುಳಿತು ಗೋಡೆಯ ಮೇಲಿದ್ದ ಅರ್ಧ ಮುಗಿದ ಖಾನೂನನ್ನು ಹೊಗಳಿದ.

"ಉಸ್ತಾದ್, ಗುರುವಾರ ನಿಮ್ಮಲ್ಲಿ ಬಹಳ ಶ್ರುತಿ ಆಗತ್ತಂತೆ."

"ದಿನಾ ಆಗತ್ತೆ ಸ್ವಾಮಿ. ಕಸುಬು."

"ಗುರುವಾರದ್ದು ನಮಗೂ ಕೇಳೋ ಆಸೆ." ಕೈಚೀಲದಿಂದ ಪುಸ್ತಕದಷ್ಟು ದಪ್ಪದ ಟೇಪ್ ರೆಕಾರ್ಡರ್ ತೆಗೆದು ಮೇಜಿನ ಮೇಲಿಟ್ಟ. "ಈ ಮೇಜಿನ ಕೆಳಗಿನ ಖಾನೆಯಲ್ಲಿ ಇರಲಿ. ಅವರು ಬಂದಾಗ ಒತ್ತಿ. ಶನಿವಾರ ಬಂದು ಕ್ಯಾಸೆಟ್ ತಗೊಂಡು ಹೋಗ್ತೀನಿ. ನೀವೇನೂ ಹೇಳಬೇಕಾಗಿಲ್ಲ, ಬರೆಯಬೇಕಾಗಿಲ್ಲ. ನಿಮ್ಮಂಥ ಕಲಾವಿದರನ್ನ ಅದಕ್ಕೆಲ್ಲ ಎಳೆಯೋದು ಸರಿ ಅಲ್ಲ."

ವಸ್ಫಿ ಕೈಯಲ್ಲಿದ್ದ ಕೀಲಿಯನ್ನು ಕೆಳಗಿಟ್ಟ.

"ನಿಮ್ಮ ತಂಗಿ ಹೆಣ್ಣುಮಕ್ಕಳ ಶಾಲೇಲಿ ಹೊಲಿಗೆ ಕಲಿಸ್ತಾರೆ ಅಲ್ವಾ? ಎರಡು ಬಸ್ ಬದಲಾಯಿಸಿ ಬರ್ತಾರೆ. ದೂರದ ದಾರಿ" ಎಂದು ಕ್ಯಾಪ್ಟನ್ ಎದ್ದ.

ಅಂದು ಮಧ್ಯಾಹ್ನವೆಲ್ಲ ವಸ್ಫಿ ಬಾಗಿಲು ಹಾಕಿಕೊಂಡು ಲೆಕ್ಕಹಾಕಿದ. ಆ ಲೆಕ್ಕ ಒಬ್ಬ ಶ್ರುತಿಗಾರನಿಗೆ ಮಾತ್ರ ಹೊಳೆಯುವಂಥದ್ದು. ಯಂತ್ರ ಮೇಜಿನ ಕೆಳಗೆ. ಖಾನೂನ್ ಮೇಜಿನ ಮೇಲೆ. ಸ್ಟೂಲು ಮೂಲೆಯಲ್ಲಿ. ಯಂತ್ರಕ್ಕೂ ಮಾತಿಗೂ ನಡುವೆ ಎಪ್ಪತ್ತೆಂಟು ತಂತಿ. ಅವರು ಬಂದಾಗಿನಿಂದ ಹೋಗುವವರೆಗೆ ತಾನು ಕೈ ನಿಲ್ಲಿಸದೆ ಶ್ರುತಿ ಮಾಡಿದರೆ ಕ್ಯಾಪ್ಟನ್ನನಿಗೆ ಸಿಗುವುದು ಒಂದು ಗಂಟೆಯ ಟಿಂಗ್ ಟಿಂಗ್ ಅಷ್ಟೇ. ಬಹೀಜಾಳೂ ಉಳಿದಳು, ರುಶ್ದಿಯೂ ಉಳಿದ.

ರುಶ್ದಿಗೆ ಹೇಳಬಹುದಿತ್ತು. ಅಂಗಡಿಯಲ್ಲಿ ಆಗದಿದ್ದರೆ ಬೀದಿಯಲ್ಲಿ, ಹಮಾಮಿನ ಸ್ನಾನದ ಹಬೆಯಲ್ಲಿ, ಕೋಟೆಯ ಕೆಳಗಿನ ಜನಜಂಗುಳಿಯಲ್ಲಿ ಹೇಳಬಹುದಿತ್ತು. ಹೇಳಿದರೆ ಅವನ ಕಿವಿ ಕೆಂಪಾಗುತ್ತದೆ, ಬರುವುದು ನಿಲ್ಲಿಸುತ್ತಾನೆ, ಯಾಕೆ ನಿಲ್ಲಿಸಿದನೆಂದು ಕ್ಯಾಪ್ಟನ್ನನಿಗೆ ಗೊತ್ತಾಗುತ್ತದೆ. ಹೀಗೆ ವಸ್ಫಿ ತನಗೆ ತಾನೇ ವಾದಿಸಿಕೊಂಡ. ವಾದ ತಪ್ಪೂ ಅಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು. ಕೈಯ ಮೇಲಿನ ನಂಬಿಕೆ. ತನ್ನ ಶ್ರುತಿಯನ್ನು ದಾಟಿ ಒಂದು ಮಾತೂ ಹೋಗದು ಎಂಬ ಗರ್ವ. ಇದನ್ನು ಅವನೇ ಮುಂದೆ ತಂಗಿಯ ಹತ್ತಿರ ಒಪ್ಪಿಕೊಂಡ.

ಐದು ಗುರುವಾರ ಅವನ ಲೆಕ್ಕ ಸರಿಯಾಗಿಯೇ ನಡೆಯಿತು. ಶನಿವಾರ ಬಂದ ಕ್ಯಾಪ್ಟನ್ ತಲೆ ಹಿಡಿದುಕೊಳ್ಳುತ್ತಿದ್ದ. "ಉಸ್ತಾದ್, ನಿಮ್ಮ ವಾದ್ಯದ ಮೇಲಿನ ಗೌರವವೇ ಹೋಗ್ತಾ ಇದೆ ನಂಗೆ." ಅವನು ಹೋದ ಮೇಲೆ ವಸ್ಫಿ ಒಬ್ಬನೇ ನಗುವನು.

ಆರನೆಯ ಗುರುವಾರ ಜನವರಿಯ ಮಳೆ. ಎರಡು ದಿನದಿಂದ ಬಿಟ್ಟಿರಲಿಲ್ಲ. ಚರ್ಮ ಜಗ್ಗಿ, ಮೇಲಿನ ಸ್ವರ ಕೂಡಿಸುವಷ್ಟರಲ್ಲಿ ಕೆಳಗಿನದು ಇಳಿಯುತ್ತಿತ್ತು. ಮೇಜಿನ ಕೆಳಗೆ ಯಂತ್ರವಿದೆ ಎಂಬುದನ್ನೇ ವಸ್ಫಿ ಮರೆತ. ಮೀಟಿದ, ಕಿವಿ ಹಚ್ಚಿದ, ಬಹಳ ಹೊತ್ತು ಕಾದ, ತಿರುಗಿಸಿದ, ಮೀಟಿದ. ಅವನ ಬೆನ್ನ ಹಿಂದೆ ರುಶ್ದಿ, ಶುಕ್ರಿ ಏನೋ ಹೇಳಿಕೊಂಡು ನಗುತ್ತಿದ್ದರು. ಹೋಗುವಾಗ ರುಶ್ದಿ ಭುಜ ತಟ್ಟಿ, "ಇವತ್ತು ನಿನ್ನ ಹೆಂಡತಿ ಮುನಿಸಿಕೊಂಡಿದ್ದಾಳೆ, ನಾಳೆ ನೋಡ್ಕೋ" ಎಂದ. ಖಾನೂನಿಗೆ ಅವನು ಹಾಗೇ ಅನ್ನುತ್ತಿದ್ದುದು.

ಭಾನುವಾರ ಬೆಳಿಗ್ಗೆ ಎರಡನೆಯ ಪಿರಿಯಡ್ಡಿನಲ್ಲಿ ರುಶ್ದಿಯನ್ನು ತರಗತಿಯಿಂದಲೇ ಕರೆದೊಯ್ದರು. ಬಂದವರು ಯಾರನ್ನೂ ಏನೂ ಕೇಳಲಿಲ್ಲ, ಎಲ್ಲೂ ಹುಡುಕಲಿಲ್ಲ. ನೇರ ನಕ್ಷೆಗಳ ಕೋಣೆಗೆ ಹೋಗಿ, ಸುರುಳಿ ಸುತ್ತಿಟ್ಟ ಆಫ್ರಿಕಾ ಖಂಡವನ್ನು ಬಿಚ್ಚಿ, ಅದರೊಳಗಿದ್ದ ಹಾಳೆಗಳನ್ನು ತೆಗೆದುಕೊಂಡು ಹೊರಟರು.

ಮೂರು ದಿನ ಬಿಟ್ಟು ಕ್ಯಾಪ್ಟನ್ ಯಂತ್ರ ವಾಪಸು ಒಯ್ಯಲು ಬಂದ. ಹೋಗುವ ಮುಂಚೆ ಕ್ಯಾಸೆಟ್ ಹಾಕಿ ಕೇಳಿಸಿದ. ಬೆದರಿಕೆಗಲ್ಲ, ನಿಜವಾದ ಮೆಚ್ಚುಗೆಯಿಂದ.

"ನಮ್ಮ ಹುಡುಗರಿಗೆ ಐದು ವಾರ ತಲೆಗೇ ಹೋಗಿರಲಿಲ್ಲ ನೋಡಿ. ನೀವು ತಂತಿ ಮೀಟಿ ಸುಮ್ಮನಾಗ್ತೀರಲ್ಲ, ಆಲಿಸೋಕೆ? ಅಲ್ಲಿದೆ ಎಲ್ಲ."

ಟಿಂಗ್. ಆಮೇಲೆ ತಂತಿಯ ಗುಂಗು ಸಣ್ಣಗಾಗುತ್ತ ಹೋಗಿ, ಅದರ ಹಿಂದೆ ರುಶ್ದಿಯ ದನಿ: "...ನಕ್ಷೆ ಕೋಣೇಲಿ..." ಟಿಂಗ್. "...ಆಫ್ರಿಕಾ ಒಳಗೆ. ಆಫ್ರಿಕಾ ಯಾರು..." ಟಿಂಗ್. "...ಪಾಠ ಮಾಡ್ತಾರೆ ಈ ವರ್ಷ..." ನಗು. ಟಿಂಗ್.

ತಂತಿಗೆ ಕಿವಿಗೊಟ್ಟವನಿಗೆ ಬೇರೇನೂ ಕೇಳಿಸದು. ಯಂತ್ರಕ್ಕೆ ಆ ಕಟ್ಟುಪಾಡಿಲ್ಲ. ಪ್ರತಿ ಮೀಟಿನ ನಂತರ ಅವನು ಬಿಟ್ಟುಕೊಟ್ಟ ಮೌನ ಮೂರು ನಾಲ್ಕು ಮಾತಿಗೆ ಸರಿಹೋಗುವಷ್ಟಿತ್ತು. ನಲವತ್ತು ದಾಟಿದವನಿಗೆ, ಅದರಲ್ಲಿ ಮೂವತ್ತು ವರ್ಷ ಅದೇ ಕೆಲಸ ಮಾಡಿದವನಿಗೆ, ತನ್ನ ಕೆಲಸದ ಅರ್ಧ ಭಾಗ ಮೌನ ಎಂಬುದು ಹೊಳೆದಿರಲಿಲ್ಲ.

ಯಾರು ಹೇಳಿದರು ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ರುಶ್ದಿ ಆ ಮಾತು ಆಡಿದ್ದು ಶುಕ್ರಿಯ ಹತ್ತಿರ ಮಾತ್ರ ಎಂದು ನಬೀಹಾಗೆ ಗೊತ್ತಿತ್ತು. ಗಂಡನೇ ಅವಳಿಗೆ ಹೇಳಿದ್ದ. ಆಡಿದ್ದು ಎಲ್ಲಿ ಎಂದು ಅವಳು ಯೋಚಿಸಲಿಲ್ಲ. ವಸ್ಫಿಯ ಅಂಗಡಿಯಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ ಎಂದು ಊರೇ ನಂಬಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಬಹೀಜಾಳ ಕೆಮ್ಮಿಗೆ ಔಷಧಿ ತರಲು ವಸ್ಫಿ ಶುಕ್ರಿಯ ಅಂಗಡಿಯಲ್ಲಿ ನಿಂತಿದ್ದ. ಹತ್ತು ಹನ್ನೆರಡು ಜನ ಇದ್ದರು. ನಬೀಹಾ ಒಳಗೆ ಬಂದಳು. ಮದುವೆಯಾಗಿ ಮೂರು ವರ್ಷ, ಇಪ್ಪತ್ತೊಂಬತ್ತರ ಹೆಂಗಸು. ಕೂಗಲಿಲ್ಲ, ಅಳಲಿಲ್ಲ.

"ಶುಕ್ರಿ ಅಣ್ಣ, ಕೇಳಿದೆ, ನಿಮ್ಮ ಕೈಬರಹ ಬಹಳ ಚೆನ್ನಾಗಾಗಿದೆಯಂತೆ" ಎಂದಳು.

ವರದಿ ಬರೆಯುವವರಿಗೆ ನಮ್ಮಲ್ಲಿ ಅನ್ನುವುದೇ ಹಾಗೆ. ಶುಕ್ರಿಯ ಕೈಯಲ್ಲಿದ್ದ ಸೀಸೆ ಹಾಗೇ ನಿಂತಿತು. ಅವನು ವಸ್ಫಿಯ ಕಡೆ ನೋಡಿದ. ಸಹಾಯ ಕೇಳುವ ನೋಟವಾಗಿತ್ತು ಅದು, ಆಗಿನ್ನೂ. ವಸ್ಫಿ ನೆಲ ನೋಡಿದ. ಜನ ಒಬ್ಬೊಬ್ಬರಾಗಿ ಚೀಟಿಗಳನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋದರು. ವಸ್ಫಿಯೂ ಹೋದ, ಕೆಮ್ಮಿನ ಔಷಧಿ ತೆಗೆದುಕೊಳ್ಳದೆಯೇ.

ವರ್ಷದೊಳಗೆ ಶುಕ್ರಿಯ ಅಂಗಡಿ ಮುಚ್ಚಿತು. ಅವನ ಸಲಾಮಿಗೆ ಪ್ರತಿಯಾಗಿ ಸಲಾಮು ಹೇಳುವವರಿರಲಿಲ್ಲ. ಇದ್ಲಿಬಿನ ಅಜ್ಜನ ಮನೆಗೆ ಹೋಗಿ ಇರುತ್ತೇನೆಂದು ಹೊರಟವನು, ಹೊರಡುವ ದಿನ ವಸ್ಫಿಯ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತ.

"ಶ್ರುತಿ ಮಾಡಪ್ಪಾ."

ವಸ್ಫಿಯ ಕೈ ಏಳಲಿಲ್ಲ.

"ಬೇಡ ಬಿಡು. ಈಗ ಯಾರು ಕೇಳಿಸ್ಕೊಂಡ್ರೇನು." ಶುಕ್ರಿ ತನ್ನ ಮಂಡಿಯ ಮೇಲಿನ ಹೊಟ್ಟನ್ನು ಒಂದೊಂದಾಗಿ ಹೆಕ್ಕಿದ. "ಅವತ್ತು ಮೂರು ಜನ ಇದ್ವಿ. ಒಬ್ಬ ಚಿಕ್ಕಮ್ಮನ ಮನೇಲಿದ್ದಾನೆ. ಒಬ್ಬ ನಾನು. ನಾನು ಹೇಳಿಲ್ಲ ಅಂತ ನಂಗೆ ಗೊತ್ತು."

"ಶುಕ್ರಿ..."

"ಯಾಕೆ ಅಂತ ಕೇಳೋದಿಲ್ಲ. ಮೇಲುಗಡೆ ತಂಗಿ ಇದ್ದಾಳೆ, ಅಷ್ಟು ಅರ್ಥ ಆಗತ್ತೆ ನಂಗೆ. ನಾನು ಬಾಯಿ ಬಿಟ್ರೆ, ತನ್ನ ಕುತ್ತಿಗೆ ಉಳಿಸ್ಕೊಳೋಕೆ ಇನ್ನೊಬ್ಬನ ಹೆಸರು ಹೇಳ್ದ ಅಂತಾರೆ. ನೀನು ಹೇಳ್ಬೇಕು. ನಬೀಹಾಗೆ. ಇವತ್ತೇ ಅಂತಲ್ಲ. ನಿನ್ ಕೈಲಿ ಆದಾಗ."

"ಹೇಳ್ತೀನಿ" ಎಂದ ವಸ್ಫಿ.

ಇಪ್ಪತ್ತಾರು ವರ್ಷ ಆ ಮಾತು ಅವನ ಮೇಲಿತ್ತು.

ರುಶ್ದಿ ಹೋದ ಮೇಲೆ ವಸ್ಫಿ ಗುರುವಾರ ಅಂಗಡಿ ತೆರೆಯಲಿಲ್ಲ. ಸಾಬೂನು ವ್ಯಾಪಾರಿ ಹಾಜಿ ಬಕ್ರಿಯ ಮನೆಯಂಗಳದಲ್ಲಿ ಅಂದು ಮಧ್ಯಾಹ್ನದ ಮೇಲೆ ಸಂಗೀತ ಕೂಡುತ್ತಿತ್ತು. ಖಾನೂನ್ ಕಂಕುಳಲ್ಲಿಟ್ಟುಕೊಂಡು ಅಲ್ಲಿಗೆ ಹೋಗುವನು. ಅಲೆಪ್ಪೊದಲ್ಲಿ ನುಡಿಸುವವನಿಗಿಂತ ಕೇಳುವವನಿಗೆ ಮರ್ಯಾದೆ ಒಂದು ಹಿಡಿ ಜಾಸ್ತಿ. ವಾದಕ ಒಂದು ಸ್ವರದಿಂದ ಹೊರಟು, ಸುತ್ತಾಡಿ, ಆ ಸ್ವರದ ಮನೆಗೆ ಮರಳಿ ಒಂದು ಕ್ಷಣ ನಿಲ್ಲುತ್ತಾನೆ. ಆ ನಿಂತ ಕ್ಷಣದಲ್ಲಿ ಅಂಗಳದ ತುಂಬ "ಆಹ್! ಅಲ್ಲಾಹ್!" ಎಂಬ ಉದ್ಗಾರ ಏಳುತ್ತದೆ. ಅದಕ್ಕಾಗಿಯೇ ಎಲ್ಲರೂ ಬಂದಿರುತ್ತಾರೆ.

ವಸ್ಫಿ ನಿಲ್ಲುವುದನ್ನು ಬಿಟ್ಟ. ಬಲಗೈ ಮನೆಗೆ ಮರಳುವಷ್ಟರಲ್ಲಿ ಎಡಗೈ ಕೆಳಗಿನ ತಂತಿಗಳಲ್ಲಿ ಶುರು ಮಾಡಿರುತ್ತಿತ್ತು. ಒಂದು ಚೂರೂ ಜಾಗ ಬಿಡುತ್ತಿರಲಿಲ್ಲ. ಸ್ವರದ ಮೇಲೆ ಸ್ವರ, ಮಿದುವಾಗಿ, ಎಡೆಬಿಡದೆ, ಯಾರೋ ಬಾಗಿಲ ಹೊರಗೆ ನಿಂತಿದ್ದಾರೆಂದು ಒಳಗಿರುವವರು ಸುಮ್ಮನೆ ಪಾತ್ರೆ ಸದ್ದು ಮಾಡುತ್ತಿರುವ ಹಾಗೆ. ಕೇಳುವವರ ಉದ್ಗಾರ ಗಂಟಲಿಗೆ ಬಂದು ಅಲ್ಲೇ ಉಳಿಯುತ್ತಿತ್ತು. ಮೊದಲ ಸಲ ಮುಗಿದಾಗ ಹಾಜಿ ಬಕ್ರಿ ಎದೆ ಉಜ್ಜಿಕೊಂಡ.

"ಲೋ ವಸ್ಫಿ, ಉಸಿರಾಡೋಕಾದ್ರೂ ಜಾಗ ಬಿಡೋ ಮಾರಾಯ. ನಾನು ಮುದುಕ, ಇಲ್ಲೇ ಸತ್ತುಹೋಗ್ತೀನಿ."

"ಜಾಗ ಬಿಟ್ರೆ ಯಾರಾದ್ರೂ ಬಂದು ಕೂತ್ಕೋತಾರೆ, ಹಾಜಿ" ಎಂದ ವಸ್ಫಿ. ಎಲ್ಲರೂ ನಕ್ಕರು. ಅವನೂ ನಕ್ಕ.

ಒಬ್ಬ ಟ್ಯಾಕ್ಸಿ ಚಾಲಕ ಅದನ್ನು ಧ್ವನಿಮುದ್ರಣ ಮಾಡಿಕೊಂಡಿದ್ದ. ವಸ್ಫಿಗೆ ತಿಳಿಸಿರಲಿಲ್ಲ. ಕ್ಯಾಸೆಟ್ಟಿನ ಮೇಲೆ 'ವಸ್ಫಿ, ಗುರುವಾರ' ಎಂದು ಬರೆದ. ಅದರಿಂದ ಇನ್ನೊಂದು, ಇನ್ನೊಂದರಿಂದ ಹತ್ತು. ಜನ ಅದನ್ನು 'ಗುರುವಾರ' ಎಂದೇ ಕರೆದರು. ಅದರಲ್ಲಿ ಏನಿದೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸಂಗೀತದ ಗಂಧವಿಲ್ಲದ ಹೆಂಗಸರೂ ಕೇಳಿ ತಲೆ ಆಡಿಸುವರು. ಸ್ವಂತ ಮನೆಯಲ್ಲಿ ಸ್ವಂತ ಗಂಡನ ಜೊತೆ ಹೇಗೆ ಮಾತಾಡುತ್ತೇವೋ ಹಾಗೇ ಇದೆ, ಎಂದು ಒಬ್ಬಳು ಅಂದಳಂತೆ. ತನ್ನ ಹೆಸರು ಬೀದಿಬೀದಿಯಲ್ಲಿ ಕೇಳಿಬಂದಾಗಲೆಲ್ಲ ವಸ್ಫಿ ಆಚೆಯ ಕಾಲುದಾರಿಗೆ ದಾಟಿಕೊಳ್ಳುವನು. ಟ್ಯಾಕ್ಸಿ ಹತ್ತುವುದನ್ನೇ ಬಿಟ್ಟ. ಕೆಲವರು ಅದನ್ನು ವಿನಯವೆಂದು ಹೊಗಳಿದರು.

ನಬೀಹಾ ಮಾತ್ರ ಅವನಿಗೆ ತಪ್ಪಿಸಿಕೊಳ್ಳಲು ಬಿಡಲಿಲ್ಲ. ಗಂಡನ ಗೆಳೆಯನೆಂದು ಹಬ್ಬಹಬ್ಬಕ್ಕೆ ಅವನು ಅವಳ ಮನೆಗೆ ಹೋಗಬೇಕಾಗುತ್ತಿತ್ತು. ಬಹೀಜಾಳೂ ಜೊತೆಗಿರುತ್ತಿದ್ದಳು.

"ವಸ್ಫಿ ಅಣ್ಣ, ನಿಮ್ಮ ಕೈಗೆ ದೇವರು ಒಳ್ಳೇದು ಮಾಡಲಿ" ಎಂದು ಅವಳು ಒಂದು ಈದಿನ ದಿನ ಅಂದಳು. "ದಿನಾ ಅಡುಗೆ ಮಾಡುವಾಗ ಹಾಕ್ತೀನಿ. ಈ ಮನೆ ಹೇಗಿದೆ ಅಂತ ಗೊತ್ತಿರೋದು ನಿಮ್ಮ ಆ ಒಂದು ನುಡಿಸಾಣಿಕೆಗೆ ಮಾತ್ರ."

ವಾಪಸು ಬರುವಾಗ ಬಹೀಜಾ ಅಣ್ಣನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಅವಳಿಗೆ ಎಲ್ಲ ಗೊತ್ತಿತ್ತು. ರುಶ್ದಿ ಹೋದ ವಾರವೇ ಅಣ್ಣ ಅವಳಿಗೆ ಹೇಳಿದ್ದ. ಮನೆಯ ಬಾಗಿಲು ಹಾಕಿದ ಮೇಲೆ, "ಇವತ್ತು ಹೇಳ್ತೀಯ ಅಂತ ಅನ್ಕೊಂಡಿದ್ದೆ ಅಣ್ಣ" ಎಂದಳು.

"ನಿನಗೆ ಏನಾದ್ರೂ ಆಗ್ಬಾರ್ದು ಅಂತ..."

"ನನಗೋಸ್ಕರ ಅಂತ ಆ ಒಂದು ದಿನ. ಸರಿ, ಅದನ್ನ ನಾನು ಹೊತ್ಕೋತೀನಿ. ಆಮೇಲಿನ ವರ್ಷಗಳು ಯಾರಿಗೋಸ್ಕರ?"

ಎರಡು ಸಾವಿರದ ಒಂದರಲ್ಲಿ ಕೆಲವರನ್ನು ಬಿಟ್ಟರು. ಹಾಗೆ ಬಂದವನೊಬ್ಬ, ಹಲ್ಲಿಲ್ಲದ ಮನುಷ್ಯ, ನಬೀಹಾಳ ಮನೆ ಹುಡುಕಿಕೊಂಡು ಬಂದು, ರುಶ್ದಿ ಎಂಬತ್ತಮೂರರ ಚಳಿಗಾಲದಲ್ಲೇ ಮರುಭೂಮಿಯ ಜೈಲಿನಲ್ಲಿ ತೀರಿಕೊಂಡ ಎಂದು ಹೇಳಿದ. ಕಾಗದವಿಲ್ಲ, ಗೋರಿಯಿಲ್ಲ. ಅಷ್ಟು ಹಿಂದಿನ ಸಾವಿಗೆ ಈಗ ಸೂತಕ ಕೂರಬೇಕಿಲ್ಲ ಎಂದು ಮಸೀದಿಯ ಶೇಖ್ ಹೇಳಿದರೂ ನಬೀಹಾ ಕೇಳಲಿಲ್ಲ. ನಾಲ್ಕು ತಿಂಗಳು ಹತ್ತು ದಿನ ಹೊಸ ವಿಧವೆಯಂತೆ ಹೊಸಿಲು ದಾಟದೆ ಮನೆಯೊಳಗೆ ಕುಳಿತಳು. ಕಿಟಕಿಯಿಂದ ಇಡೀ ದಿನ 'ಗುರುವಾರ' ಕೇಳಿಸುತ್ತಿತ್ತು. ಓಣಿಯ ಆ ತುದಿಯಲ್ಲಿ ವಸ್ಫಿ ದಾರಿ ಬದಲಿಸಿದ.

ಈ ಮಾರ್ಚಿನ ಏಳಕ್ಕೆ ಶುಕ್ರಿ ಇದ್ಲಿಬಿನಲ್ಲಿ ಸತ್ತ. ಮದುವೆಯಾಗಿರಲಿಲ್ಲ. ತಮ್ಮ ಬದ್ರಿ ಹೆಣವನ್ನು ಅಲೆಪ್ಪೊಗೆ ತಂದು ಅಪ್ಪನ ಪಕ್ಕ ಮಣ್ಣು ಮಾಡಿ, ಮೂರು ದಿನದ ದುಃಖಕ್ಕೆ ಬಾಡಿಗೆಗೆ ಹಜಾರ ಹಿಡಿದ. ಅಣ್ಣನ ಊರು, ಅಣ್ಣನ ಗಿರಾಕಿಗಳು, ಜನ ಬರುತ್ತಾರೆಂದು ನಲವತ್ತು ಕುರ್ಚಿ ಹಾಕಿಸಿದ. ಮೊದಲ ದಿನ ಹನ್ನೊಂದು ಜನ ಬಂದರು. ಎರಡನೆಯ ದಿನ ಐದು.

ಸೋಮವಾರ ಬಹೀಜಾ ಮಾರುಕಟ್ಟೆಯಲ್ಲಿ ನಬೀಹಾಳನ್ನು ಕಂಡಳು. ಗೋಡೆಯ ಮೇಲೆ ಶುಕ್ರಿಯ ಸಾವಿನ ಕಾಗದ ಓದುತ್ತ ನಿಂತಿದ್ದಳಂತೆ. ನಮ್ಮಲ್ಲಿ ಶತ್ರು ಸತ್ತರೂ 'ದೇವರು ಅವನಿಗೆ ದಯೆ ತೋರಲಿ' ಎಂದು ಬಾಯಿಗೆ ತಾನಾಗಿ ಬರುತ್ತದೆ. ನಬೀಹಾ ಹೇಳಲಿಲ್ಲ. ಓದಿ ಮುಗಿಸಿ, ಟೊಮೇಟೊ ಎಷ್ಟು ಎಂದು ಕೇಳಿದಳು. ಬಹೀಜಾ ಇದನ್ನು ಅಣ್ಣನಿಗೆ ಹೇಳಿ, ತರಕಾರಿ ಚೀಲ ಕೆಳಗಿಟ್ಟು ಒಳಗೆ ಹೋದಳು.

ಮಂಗಳವಾರ, ತಾನು ಸಾಯುವ ಮುನ್ನಾದಿನ, ಹನ್ನೊಂದಕ್ಕೆ ವಸ್ಫಿ ನಬೀಹಾಳ ಮನೆಯ ಮೂರು ಅಂತಸ್ತು ಹತ್ತಿದ. ಕೂತು ಸುಧಾರಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

"ಒಬ್ಬರೇ ಬಂದಿದ್ದೀರಿ. ಏನೋ ಮಾತಿದೆ" ಎಂದು ನಬೀಹಾ ಬಾಗಿಲನ್ನು ಅರ್ಧ ತೆರೆದೇ ಬಿಟ್ಟು, ಎದ್ದು ಟೇಪ್ ರೆಕಾರ್ಡರಿನ ಹತ್ತಿರ ಹೋದಳು. ಮಹತ್ವದ ಮಾತಿಗೆ ಮುಂಚೆ ಎಲ್ಲರೂ ಮಾಡುವುದೇ ಅದು. ಗುಂಡಿ ಒತ್ತಿದಳು. ಅವನದೇ ಖಾನೂನ್ ಕೋಣೆ ತುಂಬಿತು.

ವಸ್ಫಿ ಎದ್ದು ಹೋಗಿ ಅದನ್ನು ನಿಲ್ಲಿಸಿದ.

"ಶುಕ್ರಿ ಅಲ್ಲ ನಬೀಹಾ. ಯಂತ್ರ ನನ್ನ ಮೇಜಿನ ಕೆಳಗಿತ್ತು. ನಾನೇ ಒತ್ತಿದ್ದು."

ಕಿಟಕಿ ತೆರೆದಿತ್ತು. ಅವನು ದನಿ ತಗ್ಗಿಸಲಿಲ್ಲ. ಕ್ಯಾಪ್ಟನ್, ಐದು ವಾರ, ಮಳೆ, ಜಗ್ಗಿದ ಚರ್ಮ, ಮೀಟಿ ಆಲಿಸುವ ಹೊತ್ತು, ಔಷಧಿ ಅಂಗಡಿಯಲ್ಲಿ ತಾನು ನೋಡಿದ ನೆಲ, ಎಲ್ಲ ಹೇಳಿದ. ಬಹೀಜಾಳ ವಿಷಯ ಹೇಳಲಿಲ್ಲ. ನಬೀಹಾ ಅದನ್ನು ಆಮೇಲೆ ಬಹೀಜಾಳ ಬಾಯಿಂದಲೇ ಕೇಳಿದ್ದು.

ನಬೀಹಾ ಟೇಪ್ ರೆಕಾರ್ಡರಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು. ಹಾಗೇ ಕೇಳಿದಳು:

"ಆ ಕ್ಯಾಸೆಟ್ ಈಗ ಎಲ್ಲಿದೆ?"

"ಅವರ ಹತ್ರ. ಗೊತ್ತಿಲ್ಲ."

"ಅದರಲ್ಲಿ ನಮ್ಮವರ ದನಿ ಇದೆ." ಅವಳ ಹತ್ತಿರ ರುಶ್ದಿಯ ನಾಲ್ಕು ಫೋಟೋ ಇದ್ದವು. ದನಿ ಇರಲಿಲ್ಲ. "ಹೇಗಿತ್ತು? ಹೆದರಿದ್ರಾ?"

"ಇಲ್ಲ. ನಗ್ತಾ ಇದ್ದ. ಆಫ್ರಿಕಾ ಯಾರು ಪಾಠ ಮಾಡ್ತಾರೆ ಈ ವರ್ಷ ಅಂತ ಹೇಳಿ ನಕ್ಕ."

ಅವಳು ಕುಳಿತಳು. ಅತ್ತಳೋ ಇಲ್ಲವೋ ವಸ್ಫಿ ನೋಡಲಿಲ್ಲ. ಅವಳು ಮತ್ತೆ ಮಾತಾಡಿದಾಗ ಅಣ್ಣ ಎನ್ನಲಿಲ್ಲ, ಬಹುವಚನವೂ ಇರಲಿಲ್ಲ.

"ಆ ಮನುಷ್ಯನಿಗೆ ನಾನು ಅಂದಿದ್ದು ಹತ್ತು ಜನರ ಮುಂದೆ. ನೀನು ಅಲ್ಲೇ ಇದ್ದೆ. ಈಗ ಇಲ್ಲಿ ನನ್ನೊಬ್ಬಳ ಮುಂದೆ ಹೇಳಿ ಹೋಗ್ತೀಯಾ? ಇವತ್ತು ಅವನ ಮೂರನೇ ದಿನ. ಅಲ್ಲಿ ಹೋಗಿ ಹೇಳು. ಈ ಮೆಟ್ಟಿಲು ಮತ್ತೆ ಹತ್ತಬೇಡ."

ಹಜಾರದಲ್ಲಿ ಸಂಜೆಗೆ ಏಳು ಜನ ಇದ್ದರು. ಬದ್ರಿ ಬಾಗಿಲ ಬಳಿ ನಿಂತು ಬಂದವರ ಕೈ ಮುಟ್ಟುತ್ತಿದ್ದ. ವಸ್ಫಿ ಕೈ ಚಾಚಲಿಲ್ಲ. ಮೊದಲು ಕೇಳಿ, ಆಮೇಲೆ ಕೈ ಕೊಡೋದು ಬಿಡೋದು ನಿಮ್ಮಿಷ್ಟ, ಎಂದ. ಖುರಾನ್ ಓದುವವನು ಒಂದು ಅಧ್ಯಾಯ ಮುಗಿ‌ಸಿ ನೀರು ಕುಡಿಯುತ್ತಿದ್ದಾಗ ಎದ್ದು ನಿಂತ. ದುಃಖದ ಹಜಾರದಲ್ಲಿ ಯಾರೂ ಎದ್ದು ನಿಂತು ಮಾತಾಡುವುದಿಲ್ಲ. ನಬೀಹಾಗೆ ಹೇಳಿದ್ದನ್ನೇ ಹೇಳಿದ, ಇನ್ನೂ ಚಿಕ್ಕದಾಗಿ. ಶುಕ್ರಿ ಯಾರ ಬಗ್ಗೆಯೂ ಒಂದಕ್ಷರ ಹೇಳಿದವನಲ್ಲ, ನಾನೆಂದು ಗೊತ್ತಿದ್ದೂ ಇಪ್ಪತ್ತಾರು ವರ್ಷ ನನ್ನ ಹೆಸರು ಎತ್ತಲಿಲ್ಲ, ಎಂದು ಮುಗಿಸಿದ.

ಹಿಂದಿನ ಸಾಲಿನಲ್ಲಿದ್ದವನೊಬ್ಬ ತಕ್ಷಣ ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಉಳಿದವರು ಕೂತಲ್ಲೇ ಕೂತರು. ಕಹಿ ಕಾಫಿಯ ಹೂಜಿ ಹಿಡಿದವನು ಸಾಲಿನಲ್ಲಿ ಬರುತ್ತ ವಸ್ಫಿಯ ಮುಂದೆ ಒಂದು ಗಳಿಗೆ ತಡೆದು ಬದ್ರಿಯ ಕಡೆ ನೋಡಿದ. ಬದ್ರಿ ಬೇಡವೆಂದೂ ಅನ್ನಲಿಲ್ಲ, ಕೊಡೆಂದೂ ಅನ್ನಲಿಲ್ಲ. ಕಾಫಿಯವನು ಮುಂದಕ್ಕೆ ಹೋದ. ವಸ್ಫಿ ಕುರ್ಚಿಯಲ್ಲೇ ಉಳಿದ. ಇನ್ನು ಯಾರಾದರೂ ಬಂದಾರೆಂದು ಎಲ್ಲರೂ ಕಾದರು. ಯಾರೂ ಬರಲಿಲ್ಲ.

ಸಂಜೆಯ ಮಗ್ರಿಬ್ ನಮಾಜಿನ ಬಾಂಗ್ ಆಯಿತು. ಓದುವವನು ಪುಸ್ತಕ ಮುಚ್ಚಿಕೊಂಡು ಹೊರಟ, ಉಳಿದವರೂ ಹೊರಟರು. ಬೆಳಕು ಹೋಗುವ ಮುಂಚೆ ಕುರ್ಚಿ ಹಿಂತಿರುಗಿಸಬೇಕಿತ್ತು. ಬದ್ರಿ ಒಬ್ಬನೇ ಮುಂದಿನ ಸಾಲಿನಿಂದ ಎತ್ತಿ ಪೇರಿಸತೊಡಗಿದ. ವಸ್ಫಿ ಎದ್ದು ಹಿಂದಿನ ಸಾಲಿಗೆ ಹೋಗಿ, ಯಾರೂ ಕೂರದೆ ಉಳಿದ ಕುರ್ಚಿಗಳನ್ನು ಒಂದೊಂದಾಗಿ ಎತ್ತಿ, ಒಂದರ ಮೇಲೊಂದು ಇಟ್ಟು, ಗೋಡೆಗೆ ಒತ್ತರಿಸಿದ. ಬದ್ರಿ ತಡೆಯಲಿಲ್ಲ. ಎಲ್ಲ ಮುಗಿಯುವವರೆಗೂ ವಸ್ಫಿ ಎತ್ತುತ್ತಲೇ ಇದ್ದ.